ಇದನ್ನು ಬಲ್ಲವರು

ಬೆಳಿಗ್ಗೆ ಎಂಟೂವರೆಗೆ ಅವನು ಬೂಟಿನ ಲೇಸು ಕಟ್ಟುತ್ತಿದ್ದಾಗ ಹೆಂಡತಿ ಒಂದು ಬುದ್ಧಿಮಾತು ಹೇಳಿದಳು. ಅವನು ಅದನ್ನು ಕೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಸಂಜೆ ಐದರೊಳಗೆ ಅದೇನೋ ಒಂದನ್ನ ಆರಿಸಿ ಕೊಟ್ರೆ ರಜಾ ಅಂತ ತಾನೇ ನಿಮ್ಮ ಮ್ಯಾನೇಜರು ಹೇಳಿರೋದು? ಬೇರೆಯವರು ಏನು ಹೇಳ್ತಾರೋ ಅದಕ್ಕೇ ಹೂಂ ಅಂದು ಬಂದ್ಬಿಡಿ."

"ಹೂಂ ಅನ್ನೋದಾ? ಅಲ್ಲ ಕಣೇ, ಇದೇನು ತರಕಾರಿ ಆರಿಸೋ ಕೆಲಸವಾ? ಖಂಡಿತ ನಂದೇ ಗೆಲ್ಲೋದು, ನೋಡ್ತಿರು."

ಹೆಂಡತಿ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಯಾರಿಗೋ ಫೋನು ಮಾಡಿದಳು.

ಮಾತಿಗೊಮ್ಮೆ 'ಖಂಡಿತ' ಎನ್ನುವ ಚಾಳಿಯಿಂದಾಗಿ ಆಫೀಸಿನಲ್ಲಿ ಅವನಿಗೆ ಖಂಡಿತಪ್ಪ ಎಂದೇ ಹೆಸರು. ಮಳೆ ಬರುತ್ತದೆಯೇ ಎಂದರೆ ಖಂಡಿತ ಬರುವುದಿಲ್ಲ ಎನ್ನುವನು, ತೊಯ್ದು ಮನೆಗೆ ಬಂದರೂ ಆ ಮೋಡದ್ದೇ ತಪ್ಪು ಎನ್ನುವನು. ಆದರೆ ಪ್ರೋಗ್ರಾಮು ಬರೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಒಪ್ಪಲೇಬೇಕು. ಮನೆಯವರೆಲ್ಲ ಸಮುದ್ರದ ದಂಡೆಯಲ್ಲಿ ಹತ್ತು ದಿನಕ್ಕೆ ಒಂದು ಮನೆ ಗೊತ್ತು ಮಾಡಿಕೊಂಡು ಮೂರು ಸಲ ಹೊರಟು ಮೂರು ಸಲವೂ ನಿಂತಿದ್ದರು. ಮೂರು ಸಲವೂ ಆಫೀಸಿಗೆ ಅವನೇ ಬೇಕಾಗಿತ್ತು. ಆರು ವರ್ಷದ ಮಗಳು ಮರಳಾಟದ ಬಕೆಟನ್ನೂ ಪುಟ್ಟ ಸನಿಕೆಯನ್ನೂ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ನಾಳೆ ಬೆಳಿಗ್ಗೆ ಆರಕ್ಕೆ ಕಾರು ಬರುತ್ತದೆ. ಈ ಸಲವೂ ತಪ್ಪಿದರೆ ಆ ಸನಿಕೆಯಿಂದಲೇ ತನ್ನ ಗುಂಡಿ ತೋಡುತ್ತಾರೆಂಬುದು ಅವನಿಗೂ ಗೊತ್ತಿತ್ತು.

ಆರಿಸಬೇಕಾಗಿದ್ದದ್ದು ಇಷ್ಟು. ಹನ್ನೆರಡು ಗ್ರಂಥಾಲಯಗಳು ಪುಸ್ತಕ ಕೊಟ್ಟು ವಾಪಸು ಪಡೆಯುವ ವ್ಯವಹಾರವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಲು ಇವರ ಕಂಪನಿಯನ್ನು ಕೇಳಿದ್ದವು. ನಾಳೆ ಒಂಬತ್ತಕ್ಕೆ ಕೆಲಸ ಶುರು. ಅಷ್ಟರೊಳಗೆ ಒಂದು ಫ್ರೇಮ್‌ವರ್ಕ್ ಬೇಕು, ಅಂದರೆ ಮನೆ ಕಟ್ಟುವವನಿಗೆ ಸಿದ್ಧವಾಗಿ ಸಿಗುವ ಕಂಬ, ತೊಲೆ, ಚೌಕಟ್ಟು. ಜೊತೆಗೆ ಡೇಟಾಬೇಸೆಂಬ ಉಗ್ರಾಣಕ್ಕೆ ಹೋಗಿ ಬೇಕಾದ್ದನ್ನು ಕೇಳಿ ತರುವ ಒಂದು ಟೂಲು ಬೇಕು.

ಹತ್ತು ಗಂಟೆಗೆ ಸಭೆ ಸೇರಿತು. ಮ್ಯಾನೇಜರು ಒಂದು ಫಾರಮ್ಮನ್ನು ಮೇಜಿನ ಮೇಲಿಟ್ಟು, "ಯಾವುದಾದ್ರೂ ಸರಿ, ಎಲ್ಲರೂ ಸಹಿ ಹಾಕಿರಬೇಕು. ಆಮೇಲೆ ಜಗಳ ಬೇಡ," ಎಂದರು.

ಮೊದಲು ಎದ್ದವಳು ಹೊಸರುಚಿ. ಎರಡು ವರ್ಷದ ಹಿಂದೆ ಸೇರಿದ ಈ ಹುಡುಗಿಗೆ ಹಳೆಯದೆಂದರೆ ಆಗದು, ಅದಕ್ಕೇ ಆ ಹೆಸರು. ಹೋದ ತಿಂಗಳಷ್ಟೇ ಹುಟ್ಟಿದ ಒಂದು ಫ್ರೇಮ್‌ವರ್ಕನ್ನು ಅವಳು ಹಾಡಿ ಹೊಗಳಿದಳು.

"ಲಾಗಿನ್ ಮಾಡಿಸೋದು ಹೇಗೆ ಅಂತ ಅದರ ಕೈಪಿಡಿ ತೆಗೆದು ತೋರಿಸಮ್ಮ," ಎಂದ ಖಂಡಿತಪ್ಪ.

ಪುಟ ತೆರೆಯಿತು. 'ಈ ಅಧ್ಯಾಯವನ್ನು ಬರೆಯಲಾಗುತ್ತಿದೆ' ಎಂದಿತ್ತು. ಹೊಸರುಚಿ ಪುಟ ಮುಚ್ಚಿ ಕುಳಿತಳು.

ಆಮೇಲೆ ದೊಡ್ಡಣ್ಣನ ಸರದಿ. ತಲೆ ನರೆತ, ಬೆನ್ನು ಸ್ವಲ್ಪ ಬಾಗಿದ ದೊಡ್ಡಣ್ಣ ಆ ಆಫೀಸಿನ ಅತಿ ಹಳೆಯ ಪ್ರೋಗ್ರಾಮರು. ಅವರು ಮೇಜು ಗುದ್ದಿದರು. "ಇಪ್ಪತ್ತು ವರ್ಷದಿಂದ ನಡೀತಿರೋ ಫ್ರೇಮ್‌ವರ್ಕೇ ಇರಲಿ. ಟೂಲು ಗೀಲು ಏನೂ ಬೇಡ. ಡೇಟಾಬೇಸಿಗೆ ಕೇಳೋ ಪ್ರಶ್ನೆ, ಆ ಕ್ವೆರಿನ ಕೈಯಲ್ಲೇ ಬರೀಬೇಕು! ನನ್ನ ಮಾತು ನಡೀದಿದ್ರೆ ನಾನು ಈ ಪ್ರಾಜೆಕ್ಟಿಗೇ ಇಲ್ಲ!"

"ದೊಡ್ಡಣ್ಣ, ಕಾಲ ಬದಲಾಗಿದೆ," ಎಂದು ಖಂಡಿತಪ್ಪ ಮರುಕದಿಂದ ನಕ್ಕ. ಅವನು ತಂದಿದ್ದು ಕೈಗಂಟಿನಷ್ಟು ಹಗುರವಾದ ಫ್ರೇಮ್‌ವರ್ಕು. ಜೊತೆಗೆ ನಮ್ಮ ಮಾತನ್ನು ಡೇಟಾಬೇಸಿನ ಭಾಷೆಗೆ ತಾನೇ ತಿರುಗಿಸಿ ಕೇಳಿ ತರುವ, ಆಫೀಸಿನಲ್ಲಿ ಯಾರೂ ಮುಟ್ಟಿರದ ಒಂದು ಟೂಲು. ಆರು ತಿಂಗಳು ಮನೆಯಲ್ಲಿ ಕೂತು ಕಲಿತಿದ್ದ. "ಮಧ್ಯಾಹ್ನ ಮೂರಕ್ಕೆ ತೋರಿಸ್ತೀನಿ. ಗಡುವು ಮೀರಿದ ಪುಸ್ತಕಗಳ ಪಟ್ಟಿ, ಯಾರ ಹತ್ರ ಯಾವುದಿದೆ ಅಂತ. ಕಣ್ಣು ಮಿಟುಕಿಸೋದ್ರಲ್ಲಿ ಬರುತ್ತೆ. ಖಂಡಿತ!"

ಮೂರಕ್ಕೆ ಎಲ್ಲರೂ ಅವನ ಬೆನ್ನ ಹಿಂದೆ ನಿಂತರು. ಖಂಡಿತಪ್ಪ ಗುಂಡಿ ಒತ್ತಿದ. ಎಲ್ಲರೂ ಕಣ್ಣು ಮಿಟುಕಿಸಿದರು. ಇನ್ನೊಮ್ಮೆ ಮಿಟುಕಿಸಿದರು. ಪರದೆಯ ಮೇಲೆ ಒಂದು ಚಕ್ರ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇತ್ತು.

ಆಗಿದ್ದೇನೆಂದರೆ, ಟೂಲು ಮೊದಲು ಹೋಗಿ ಗಡುವು ಮೀರಿದ ನಲವತ್ತು ಸಾವಿರ ಪುಸ್ತಕಗಳ ಪಟ್ಟಿ ತಂದಿತು. ಆಮೇಲೆ ಒಂದೊಂದು ಪುಸ್ತಕಕ್ಕೂ ಮತ್ತೆ ಉಗ್ರಾಣಕ್ಕೆ ಹೋಗಿ, ಇದು ಯಾರ ಹತ್ತಿರ ಇದೆ ಎಂದು ಕೇಳಿ ಬರತೊಡಗಿತು. ಜೀರಿಗೆಗೊಮ್ಮೆ, ಮೆಣಸಿಗೊಮ್ಮೆ, ಉಪ್ಪಿಗೊಮ್ಮೆ ಅಂಗಡಿಗೆ ಓಡುವ ಹಾಗೆ ನಲವತ್ತು ಸಾವಿರ ಸಲ! ಸಾಲದ್ದಕ್ಕೆ ಆಫೀಸಿನ ಬಾಗಿಲುಗಳ ಕಾರ್ಡು ಓದುವ ವ್ಯವಸ್ಥೆಯೂ ಆ ಡೇಟಾಬೇಸಿದ್ದ ಹಳೆಯ ಸರ್ವರಿನ ಮೇಲೇ ಇತ್ತು. ಅದಕ್ಕೂ ಉಸಿರು ಕಟ್ಟಿತು. ಕಾದು ಬೇಸತ್ತು ಕಾಫಿಗೆಂದು ಹೋದವರು ಹೊರಗೇ ಉಳಿದರು. ಫೋನಿನಲ್ಲಿ ಮಾತಾಡಲು ತಾರಸಿಗೆ ಹೋಗಿದ್ದ ಮ್ಯಾನೇಜರು ಬಿಸಿಲಲ್ಲಿ ನಿಂತು ಗಾಜಿನ ಬಾಗಿಲು ಬಡಿಯತೊಡಗಿದರು.

"ಸರ್, ಬಾಸ್ ಬೇಯ್ತಾ ಇದಾರೆ," ಎಂದಳು ಹೊಸರುಚಿ.

"ಖಂಡಿತ ಇದು ನನ್ನ ಟೂಲಿನ ತಪ್ಪಲ್ಲ!" ಎಂದ ಖಂಡಿತಪ್ಪ. ಆದರೆ ಅವನ ಕಣ್ಣ ಮುಂದೆ ಆ ಸನಿಕೆ ಬಂದು ನಿಂತಿತ್ತು.

ಆಗ ಯಾರೂ ಎಣಿಸಿರದ ಸಂಗತಿ ನಡೆಯಿತು. ದೊಡ್ಡಣ್ಣ ಮೆಲ್ಲಗೆ ಪಕ್ಕಕ್ಕೆ ಬಂದು, ಮೊದಲು ಆ ಓಟವನ್ನು ನಿಲ್ಲಿಸಿ, ಒಂದು ಚೀಟಿಯ ಮೇಲೆ ಎರಡು ಸಾಲು ಬರೆದು ಅವನ ಕೈಗಿಟ್ಟರು. "ಪುಸ್ತಕದ ಪಟ್ಟಿ, ಓದುಗರ ಪಟ್ಟಿ ಎರಡನ್ನೂ ಜೋಡಿಸಿ ಒಂದೇ ಸಲ ಕೇಳು, ಮರಿ. ನಿನ್ನ ಟೂಲಿಗೂ ಅದು ಬರುತ್ತೆ. ನೀನು ಹೇಳಿಲ್ಲ ಅಷ್ಟೇ."

ಬಾಗಿಲುಗಳು ಟಕಟಕನೆ ತೆರೆದುಕೊಂಡವು. ಕೆಂಪು ಮೂಲಂಗಿಯಂತಾಗಿದ್ದ ಮ್ಯಾನೇಜರು ಒಳಗೆ ಬಂದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಖಂಡಿತಪ್ಪ ಟೂಲಿನಲ್ಲಿ ಒಂದು ಸಾಲು ತಿದ್ದಿ ಮತ್ತೆ ಗುಂಡಿ ಒತ್ತಿದ. ನಲವತ್ತು ಸಾವಿರ ಪುಸ್ತಕಗಳು, ಓದುಗರ ಹೆಸರಿನೊಂದಿಗೆ, ನಿಜವಾಗಿಯೂ ಕಣ್ಣು ಮಿಟುಕಿಸುವುದರಲ್ಲಿ ಬಂದು ಬಿದ್ದವು. ಮ್ಯಾನೇಜರು ತೆರೆದ ಬಾಯನ್ನು ಹಾಗೇ ಬಿಟ್ಟು, "ಭೇಷ್!" ಎಂದರು.

ಎದುರಾಳಿಯೇ ಗೆಲ್ಲುವ ದಾರಿ ತೋರಿಸಿದ್ದು ಯಾಕೆ ಎಂದು ಖಂಡಿತಪ್ಪ ಒಂದು ಗಳಿಗೆ ನಿಂತು ಯೋಚಿಸಬೇಕಾಗಿತ್ತು. ಪಾಪ, ಮುದುಕರು ಸೋಲೊಪ್ಪಿಕೊಂಡರು ಎಂದುಕೊಂಡ.

ನಾಲ್ಕೂವರೆಗೆ ಎಲ್ಲರೂ ಸಹಿ ಹಾಕಿದರು. ಫಾರಮ್ಮಿನ ಕೊನೆಯಲ್ಲಿ ಒಂದು ಕಾಲಮ್ಮಿತ್ತು: 'ತಂಡದಲ್ಲಿ ಇದನ್ನು ಬಲ್ಲವರು'. ಖಂಡಿತಪ್ಪ ದುಂಡಗೆ, ಒತ್ತಿ ತನ್ನ ಹೆಸರು ಬರೆದ.

"ಸರ್, ಆ ಟೂಲನ್ನ ನಾನೂ ಒಂದೆರಡು ವಾರ ನೋಡಿದೀನಿ. ನನ್ನ ಹೆಸರೂ ಹಾಕ್ಲಾ?" ಎಂದು ಹೊಸರುಚಿ ಪೆನ್ನು ತೆಗೆದಳು.

"ನೋಡೋದು ಬೇರೆ ಕಣಮ್ಮ, ಬಲ್ಲೋದು ಬೇರೆ." ಅವನು ಫಾರಮ್ಮನ್ನು ತನ್ನ ಕಡೆಗೆಳೆದುಕೊಂಡು, ತನ್ನ ಹೆಸರಿನ ಮುಂದೆ 'ಒಬ್ಬರೇ' ಎಂದು ಸೇರಿಸಿ ಅಡಿಗೆರೆ ಹಾಕಿದ. ಈ ಮನುಷ್ಯನಿಗೆ ಯಾರು ಏನು ಮಾಡಲಾದೀತು!

ಐದಕ್ಕೆ ಐದು ನಿಮಿಷವಿತ್ತು. ಅವನು ರಜೆಯ ಚೀಟಿ ಹಿಡಿದು ಮ್ಯಾನೇಜರ ಕೋಣೆಗೆ ನುಗ್ಗಿದ. ಮ್ಯಾನೇಜರು ಫಾರಮ್ಮನ್ನು ಮೇಲಿಂದ ಕೆಳಗೆ ಓದಿದರು. ಕೊನೆಯ ಕಾಲಮ್ಮಿನಲ್ಲಿ ಅವರ ಬೆರಳು ನಿಂತಿತು.

"ಒಬ್ಬರೇನಾ?"

"ಒಬ್ಬನೇ ಸರ್! ಖಂಡಿತ!"

"ಹಾಗಾದ್ರೆ ನೀವು ನಾಳೆ ಹೋದ್ರೆ ಒಂಬತ್ತಕ್ಕೆ ಇವರಿಗೆಲ್ಲ ಕಲಿಸೋರು ಯಾರು? ಬೇರೆ ಯಾವುದನ್ನ ಆರಿಸಿದ್ರೂ ಇನ್ನೊಬ್ಬರು ಇರ್ತಿದ್ರು. ನಾನು ರಜಾ ಕೊಡ್ಬೇಕು ಅಂತಲೇ ಇದ್ದೆ ಕಣ್ರೀ," ಎಂದು ಅವರು ನಿಜವಾಗಿಯೂ ಬೇಜಾರಿನಿಂದಲೇ ಚೀಟಿಯನ್ನು ಮಡಚಿ ಅವನಿಗೇ ಕೊಟ್ಟರು.

ಖಂಡಿತಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಹೊರಗೆ ಓಡಿ ಬಂದ. "ಅಮ್ಮಾ, ನೀನು ಎರಡು ವಾರ ನೋಡಿದೀಯ ಅಂದ್ಯಲ್ಲ, ನಾಳೆ ನೀನೇ ಸ್ವಲ್ಪ..."

"ನೋಡೋದು ಬೇರೆ, ಬಲ್ಲೋದು ಬೇರೆ, ಸರ್," ಎಂದು ಹೊಸರುಚಿ ವಿನಯದಿಂದಲೇ ಹೇಳಿ ಚೀಲ ಹೆಗಲಿಗೇರಿಸಿದಳು.

ದೊಡ್ಡಣ್ಣ ಆಗಲೇ ಮೇಜು ಒರೆಸಿ, ಊಟದ ಡಬ್ಬಿ ಚೀಲಕ್ಕೆ ಹಾಕುತ್ತಿದ್ದರು. ತಮ್ಮ ಮಾತು ನಡೆಯದ ಕಾರಣ ಅವರು ಈ ಪ್ರಾಜೆಕ್ಟಿನಲ್ಲಿರಲಿಲ್ಲ. ಅವರ ಎರಡು ವಾರದ ರಜೆಗೆ ಮ್ಯಾನೇಜರು 'ಭೇಷ್' ಎಂದ ಕೂಡಲೇ ಸಹಿಯಾಗಿತ್ತು.

"ದೊಡ್ಡಣ್ಣ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಎಂಟು ವರ್ಷದಿಂದ ಸೋಲ್ತಾ ಇದೀನಪ್ಪ," ಎಂದರು ದೊಡ್ಡಣ್ಣ ತೃಪ್ತಿಯಿಂದ. "ಮೇಜು ಗುದ್ದಿ ಗುದ್ದಿ ಕೈಯೆಲ್ಲಾ ನೋವು. ಇವತ್ತು ನೋಡು, ನೀನು ಸೋತೇಬಿಡ್ತೀಯೇನೋ ಅಂತ ನನಗೆ ಜೀವ ಹೋಗಿ ಬಂತು. ನೀನು ಸೋತಿದ್ರೆ ನನ್ನದೇ ಗೆಲ್ತಿತ್ತಲ್ಲ!"

ಅವರು ಅವನ ಬೆನ್ನು ತಟ್ಟಿ, ಸಂಜೆಯ ಬಿಸಿಲಿನಲ್ಲಿ ಹುಡುಗನಂತೆ ಹೆಜ್ಜೆ ಹಾಕುತ್ತ ಹೋದರು.

ಖಂಡಿತಪ್ಪ ಎರಡು ಸಲ ನಂಬರು ಒತ್ತಿ ಎರಡು ಸಲವೂ ಕತ್ತರಿಸಿದ. ಕೊನೆಗೆ ಧೈರ್ಯ ಮಾಡಿ ಮನೆಗೆ ಕರೆ ಮಾಡಿದ.

"ಏನು, ಗೆದ್ರಾ?" ಎಂದಳು ಹೆಂಡತಿ.

"ಗೆದ್ದೆ," ಎಂದ. ಅವನ ಜೀವಮಾನದಲ್ಲಿ ಆ ಪದ ಅಷ್ಟು ಮೆತ್ತಗೆ ಬಾಯಿಂದ ಬಂದದ್ದಿಲ್ಲ. "ಆದರೆ ನೋಡು... ನಾಳೆ..."

"ಗೊತ್ತು ಬಿಡಿ. ಹೋದ ಮೂರು ಸಲಾನೂ ನೀವು ಗೆದ್ದಿದ್ರಲ್ಲ. ನಿಮ್ಮ ಜಾಗದಲ್ಲಿ ನಮ್ಮಮ್ಮ ಬರ್ತಾರೆ. ಬೆಳಿಗ್ಗೆ ನೀವು ಬೂಟು ಹಾಕ್ಕೋತಿದ್ದಾಗಲೇ ಫೋನು ಮಾಡಿದೆ, ಬ್ಯಾಗು ತುಂಬ್ಕೊಂಡು ಬಂದೂಬಿಟ್ಟಿದಾರೆ. ಹತ್ತು ದಿನಕ್ಕೆ ಆಗೋಷ್ಟು ಅಕ್ಕಿ, ಬೇಳೆ ಡಬ್ಬಿಯಲ್ಲಿದೆ, ಅಡುಗೆ ಮಾಡ್ಕೊಳ್ಳಿ."

ಫೋನಿನ ಆ ಕಡೆಯಿಂದ ಮಗಳು ಬಕೆಟನ್ನು ಸನಿಕೆಯಿಂದ ಡಬಡಬ ಬಡಿಯುವ ಸದ್ದು ಕೇಳುತ್ತಿತ್ತು. ಜೊತೆಗೆ ಅತ್ತೆಯ ನಗು.

"ಅಂದ್ರೆ, ನನಗೆ ರಜಾ ಸಿಗಲ್ಲ ಅಂತ ನಿನಗೆ ಬೆಳಿಗ್ಗೆಯೇ ಗೊತ್ತಿತ್ತಾ?"

"ಖಂಡಿತ," ಎಂದಳು ಹೆಂಡತಿ.