ಐದನೇ ಮಹಡಿಯ ಪರದೆಯೂ ನನ್ನ ಭಾವನೂ

ನನ್ನ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಈ ಲೋಕದಲ್ಲಿ ನಂಬಿಕೆಯಿಲ್ಲದ ವಸ್ತು ಒಂದೇ: ನೆಲ! ಅವರು ಹುಟ್ಟಿ ಬೆಳೆದದ್ದು ಬಂಟ್ವಾಳದ ಪೇಟೆಯಲ್ಲಿ, ನೇತ್ರಾವತಿಯ ದಡದಲ್ಲಿ. ಮಳೆಗಾಲದಲ್ಲಿ ನದಿ ಮನೆಯೊಳಗೆ ಬಂದು ಹೋಗುವುದು ಅಲ್ಲಿ ನೆಂಟರು ಬಂದು ಹೋದಷ್ಟೇ ಸಹಜ. ಹಾಗಾಗಿ ಅವರ ಮನೆಯಲ್ಲಿ ಅಕ್ಕಿಯ ಡಬ್ಬ ಬೆಂಚಿನ ಮೇಲೆ, ಚಪ್ಪಲಿ ಗೋಡೆಯ ಗೂಡಿನಲ್ಲಿ, ಫ್ರಿಜ್ಜು ಮೇಜಿನ ಮೇಲೆ. ಹಾಲು ಬೇಕಿದ್ದರೆ ಸ್ಟೂಲು ಹತ್ತಬೇಕು. ಮೇಲಿನ ಖಾನೆಯ ಐಸ್‌ಕ್ರೀಮ್ ಬೇಕಿದ್ದರೆ? ಎತ್ತರದವರು ಯಾರಾದರೂ ಊಟಕ್ಕೆ ಬರುವವರೆಗೆ ಕಾಯಬೇಕು!

ನಾವು ಮೂಡುಬಿದಿರೆಯಲ್ಲಿ ಫ್ಲ್ಯಾಟ್ ಕೊಂಡದ್ದು ಕಿಟಕಿಗೆ ಮರುಳಾಗಿ. ನೆಲದಿಂದ ಚಾವಣಿಯವರೆಗೆ ಗಾಜು, ಆ ಚಾವಣಿಯೋ ಎರಡಾಳು ಎತ್ತರ. ಮನೆಯಿಡೀ ಬೆಳಕು ಎಂದು ಹಿಗ್ಗಿದ್ದೇ ಹಿಗ್ಗಿದ್ದು. ಆ ಬೆಳಕು ಮಧ್ಯಾಹ್ನದ ಮೇಲೆ ಪಡುವಣದಿಂದ ನೇರ ಬಂದು ನನ್ನ ಹೆಂಡತಿಯ ಹಣೆಗೇ ಹೊಡೆಯುತ್ತದೆ ಎಂದು ತಿಳಿದದ್ದು ಒಕ್ಕಲಾದ ಮೇಲೆ. ಅವಳಿಗೆ ಮೊದಲೇ ಅರೆತಲೆನೋವು. ರೆಡಿಮೇಡ್ ಪರದೆ ತಂದು ತೂಗುಹಾಕಿದರೆ ಅದು, ಮುಂಡು ಮಡಚಿ ಕಟ್ಟಿದವರ ಹಾಗೆ, ಅರ್ಧಕ್ಕೇ ನಿಂತಿತು. ಕೊನೆಗೆ ಅವಳು ಅಡುಗೆಮನೆಯ ಪಕ್ಕದ ಕಿಟಕಿಯಿಲ್ಲದ ಉಗ್ರಾಣದಲ್ಲಿ, ತೆಂಗಿನಕಾಯಿಗಳ ನಡುವೆ ಚಾಪೆ ಹಾಸಿ ಮಲಗತೊಡಗಿದಳು.

"ಈ ಮನೆ ಮಾರಿಬಿಡುವ. ನನ್ನಿಂದ ಆಗುದಿಲ್ಲ" ಎಂದಳು ಒಂದು ದಿನ. ಸುಲಭದಲ್ಲಿ ಅಳುವವಳಲ್ಲ, ಅಂದು ಅತ್ತಳು. ನಾನು ಭಾವನಿಗೆ ಫೋನು ಮಾಡಿದೆ. ಬಟ್ಟೆಯ ವಿಷಯ ಅವರಿಗೆ ಗೊತ್ತೆಂದಲ್ಲ, ಬಟ್ಟೆಯಂಗಡಿಯವರೆಲ್ಲ ಅವರಿಗೆ ಗೊತ್ತು!

"ಈಗಲೇ ಹೊರಟು ಬಾ ಮಾರಾಯ, ನೋಡುವ" ಎಂದರು.

ಬಂಟ್ವಾಳದ ಅಂಗಡಿಯಲ್ಲಿ ಭಾವ ಬಣ್ಣ ನೋಡಲಿಲ್ಲ, ನೇಯ್ಗೆ ನೋಡಲಿಲ್ಲ. ಕುಡಿಯಲು ಕೊಟ್ಟ ನೀರನ್ನು ಸೀದಾ ಬಟ್ಟೆಯ ಮೇಲೆ ಹೊಯ್ದರು.

"ಅಯ್ಯೋ! ಎಂತ ಮಾಡಿದ್ರಿ?" ಅಂಗಡಿಯವರು ಹೌಹಾರಿದರು.

"ಒದ್ದೆಯಾದ್ರೆ ಎಷ್ಟು ಭಾರ ಅಂತ ನೋಡ್ಲಿಕ್ಕೆ. ನೆರೆ ಬಂದಾಗ ಒದ್ದೆ ಪರದೆ ಹೊತ್ತವನಿಗೆ ಗೊತ್ತು ಅದರ ಕಷ್ಟ!"

ಹಲವು ಬಟ್ಟೆಗಳು ಸ್ನಾನ ಮಾಡಿದ ಮೇಲೆ ಒಂದು ಪಾಸಾಯಿತು. ಇನ್ನು ಬೆಳಕಿನ ಪರೀಕ್ಷೆ. ಅದರ ಒದ್ದೆಯಾಗದ ತುದಿಯನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು ಅಂಗಡಿಯಲ್ಲಿ ನಡೆಯತೊಡಗಿದರು. ಸೀರೆ ಉಟ್ಟು ನಿಂತ ಗೊಂಬೆಗೆ ಢಿಕ್ಕಿ ಹೊಡೆದು, "ಬೇಜಾರು ಮಾಡ್ಬೇಡಿ ಅಕ್ಕ" ಎಂದರು. ಗೊಂಬೆ ಉತ್ತರಿಸಲಿಲ್ಲ. "ಅವರಿಗೆ ಸಿಟ್ಟು ಬಂತು ಕಾಣ್ತದೆ" ಎಂದು ಗೊಣಗಿ, ಮುಸುಕು ತೆಗೆಯದೆಯೇ ಘೋಷಿಸಿದರು: "ಇದೇ ಆಗಬಹುದು. ನನಗೆ ಎಂತದೂ ಕಾಣುದಿಲ್ಲ!"

ಅಳತೆಗೆ ನನ್ನನ್ನು ಹತ್ತಿರ ಸೇರಿಸಲಿಲ್ಲ. ಏಣಿ ಹತ್ತಿದ್ದೂ ಅವರೇ, ಟೈಲರಿಗೆ ಒಪ್ಪಿಸಿದ್ದೂ ಅವರೇ. ಪರದೆ ಬಂತು. ಚಾವಣಿಯಿಂದ ಬಹಳ ಗಂಭೀರವಾಗಿ ಇಳಿಯಿತು. ಇಳಿದು, ನೆಲದಿಂದ ಮೊಣಕಾಲೆತ್ತರದಲ್ಲಿ ನಿಂತುಬಿಟ್ಟಿತು!

"ಭಾವ, ಗಿಡ್ಡ ಆಯ್ತಲ್ಲ!"

"ಬೇಕಂತಲೇ ಬಿಟ್ಟದ್ದು. ನೀರು ಬಂದ್ರೆ?"

"ಇದು ಐದನೇ ಮಹಡಿ! ಅದೂ ನೇತ್ರಾವತಿ ಇಲ್ಲದ ಮೂಡುಬಿದಿರೆಯಲ್ಲಿ!"

"ಅದು ನನಗೆ ಗೊತ್ತುಂಟು. ನೀರಿಗೆ ಗೊತ್ತುಂಟಾ?"

ಇದಕ್ಕೆ ಯಾವ ಎಂಜಿನಿಯರು ಉತ್ತರ ಕೊಟ್ಟಾನು? ಆದರೆ ಆ ಸಂದಿನಿಂದ ಬಿಸಿಲು ಒಳಗೆ ನುಗ್ಗಿತು. ಉಗ್ರಾಣದ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಣ್ಣಿಗೆ ಸೆರಗು ಒತ್ತಿಕೊಂಡು ಹಿಂದೆ ಸರಿದಳು. ಭಾವ ಅವಳನ್ನು ನೋಡಿದರು, ಬಿಸಿಲನ್ನು ನೋಡಿದರು. ಚಹಾವನ್ನೂ ಕುಡಿಯದೆ ಬಸ್ಸು ಹತ್ತಿ ಹೋದರು.

ಮರುದಿನ ಮಧ್ಯಾಹ್ನ ಅದೇ ಬಟ್ಟೆಯ ಉದ್ದನೆಯ ಪಟ್ಟಿ ಹಿಡಿದು ಬಂದರು, ಹುಕ್ಕುಗಳ ಸಮೇತ. "ಈಗ ಸಿಕ್ಕಿಸುವ. ನೀರು ಬಂದ ದಿನ ಬಿಚ್ಚಿ ಅಟ್ಟದಲ್ಲಿಡುವ" ಎಂದರು. ಫ್ಲ್ಯಾಟಿಗೆ ಅಟ್ಟ ಎಲ್ಲಿಂದ ತರುವುದು ಎಂದು ನಾನು ಕೇಳಲಿಲ್ಲ. ನೆಲದ ಮೇಲೆ ಕೂತು ಅವರು ಒಂದೊಂದೇ ಹುಕ್ಕು ಸಿಕ್ಕಿಸುತ್ತಾ ಹೋದಂತೆ ಹಾಲ್ ತಂಪಾಗಿ ಕತ್ತಲಾಯಿತು. ಹೆಂಡತಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು, ದಿವಾನದ ಮೇಲೆ ಒರಗಿದಳು, ನಾನು ಹೇಗುಂಟು ಎಂದು ಕೇಳುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಸಂಜೆಯವರೆಗೆ ಏಳಲಿಲ್ಲ. ಭಾವ ಹೊರಟು ನಿಂತಾಗ, "ಎಬ್ಬಿಸುವ, ಹೇಳಿ ಹೋಗಿ" ಎಂದೆ.

"ಬೇಡ." ಅವರು ತಂಗಿಯ ಮುಖವನ್ನೇ ನೋಡುತ್ತಾ ಪಿಸುಗುಟ್ಟಿದರು: "ನಮ್ಮ ಅಮ್ಮನಿಗೂ ಇದೇ ತಲೆನೋವು. ಇವಳು ಆಗ ತೊಟ್ಟಿಲಲ್ಲಿ. ಶಾಲೆಯಿಂದ ಬಂದವನು ನಾನು ಅಮ್ಮನ ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು ನಿಲ್ತಿದ್ದೆ. ಮೊಳೆ ಹೊಡೆದ್ರೆ ಶಬ್ದ ಆಗ್ತದಲ್ಲ, ಅವರಿಗೆ ಅದೂ ಆಗ್ತಿರ್ಲಿಲ್ಲ. ಕೈ ಸೋತು ಸೀರೆ ಇಳಿದ ಕೂಡಲೇ ಅಮ್ಮನಿಗೆ ಎಚ್ಚರ ಆಗ್ತಿತ್ತು. 'ಸಾಕು ಮಗಾ, ಆಡ್ಲಿಕ್ಕೆ ಹೋಗು' ಅಂತಿದ್ರು. ನಾನು ಹೋಗ್ತಿರ್ಲಿಲ್ಲ."

ಭಾವಂದಿರು ಒಬ್ಬರಿಗೊಬ್ಬರು ಕೃತಜ್ಞತೆ ಹೇಳುವ ಕ್ರಮ ನಮ್ಮಲ್ಲಿಲ್ಲ, ಇರುವುದು ಕೀಟಲೆಯೊಂದೇ. ಆದರೂ ಅವರ ಎರಡೂ ಕೈ ಹಿಡಿದುಕೊಂಡು, "ನೀವಿದ್ದದ್ದಕ್ಕೆ ನಾವು ಬದುಕಿದೆವು ಭಾವ" ಎಂದೆ.

ಅವರು ಕೈ ಬಿಡಿಸಿಕೊಳ್ಳಲಿಲ್ಲ.

"ಮೆಲ್ಲ ಮಾತಾಡು ಮಾರಾಯ" ಎಂದರು. "ಅವಳಿಗೆ ಎಚ್ಚರ ಆಗ್ತದೆ."