ಎರಡನೇ ಗಲ್ಲಾದ ಲಿನಕ್ಸ್

ಹೆಮ್ಮೆ ಪಡುವುದು ಪಾಪವೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಮಗಳು ಹುಟ್ಟುವವರೆಗೆ ನಾನದನ್ನು ನಂಬಿಯೂ ಇದ್ದೆ. ಈಗ ನಮ್ಮ ಮುಲುಂಡಿನ ಬಿಲ್ಡಿಂಗಿನ ಲಿಫ್ಟಿನಲ್ಲಿ ಯಾರಾದರೂ ಸಿಕ್ಕರೆ, ಅವರ ಮಹಡಿ ಬರುವಷ್ಟರಲ್ಲಿ ಶ್ರಾವ್ಯಾಳ ಪ್ರತಾಪ ಹೇಳಿ ಮುಗಿಸಿರುತ್ತೇನೆ. ನೀವು ಲಿಫ್ಟಿನಲ್ಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬ್ಯಾಂಕು, ಆಫೀಸುಗಳೇ ತುಂಬಿದ ಫೋರ್ಟಿನಲ್ಲಿ ನನ್ನ ಯಜಮಾನರದ್ದೊಂದು ಸಣ್ಣ ಉಡುಪಿ ಹೋಟೆಲು. ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆದು ಒಳಗೆ ತೋರಿಸಿದರೆ ದೋಸೆ ಸಿಗುತ್ತದೆ. ಮಧ್ಯಾಹ್ನದ ನೂಕುನುಗ್ಗಲಿಗೆ ಎರಡನೇ ಗಲ್ಲಾ ಬೇಕಾದಾಗ, ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ಶ್ರಾವ್ಯಾ ಹಳೆಯ ಕಂಪ್ಯೂಟರ್ ಯಂತ್ರವೊಂದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಕೂರಿಸಿದಳು. ಮೊದಲ ಗಲ್ಲಾದಲ್ಲೂ ಲಿನಕ್ಸೇ, ಆದರೆ ಬೇರೆ ಬಗೆಯದು. ಯಾರು ಬೇಕಾದರೂ ತೆರೆದು ತಮ್ಮ ರುಚಿಗೆ ತಿದ್ದಿಕೊಳ್ಳಬಹುದಾದ್ದರಿಂದ ಅದರಲ್ಲಿ ಸಾಂಬಾರಿನಷ್ಟೇ ಬಗೆಗಳಂತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಒಂದು ಕಂಪನಿಯ ಸ್ವಂತ ಸೊತ್ತು, ಮುಚ್ಚಳ ತೆರೆಯುವಂತಿಲ್ಲ. "ಸ್ಟ್ಯಾಂಡರ್ಡ್ ಇದೆ ಮಮ್ಮಿ. ಎಲ್ಲಾ ಲಿನಕ್ಸ್ ಅದನ್ನ ಫಾಲೋ ಮಾಡಿದ್ರೆ, ಕಂಪನಿ ಒಂದ್ಸಲ ಬರೆದ್ರೆ ಬಸ್, ಸಬ್ ಪೇ ಚಲೇಗಾ" ಎಂದಳು.

ನಡೆಯಿತು ಕೂಡ. ಟೋಕನ್ ಅಚ್ಚಾಗಿ ಬಂತು, ಆದರೆ ಕಾಗದ ಕತ್ತರಿಸಿ ಬೀಳಲಿಲ್ಲ. ಇಡ್ಲಿ, ವಡೆ, ಕಾಫಿಗಳೆಲ್ಲ ಒಂದೇ ಉದ್ದದ ರಿಬ್ಬನ್ನಾಗಿ ಇಳಿದು ಗಿರಾಕಿಗಳ ಬೂಟುಗಳಿಗೆ ಸುತ್ತಿಕೊಂಡವು. ಬ್ಯಾಂಕಿನವರೊಬ್ಬರು ಯಾರದೋ ಮಸಾಲೆ ದೋಸೆ ಹರಿದುಕೊಂಡು ಹೋದರು. ಯಜಮಾನರು ಆ ರಿಬ್ಬನ್ನನ್ನು ಕೊರಳಿಗೆ ಸುತ್ತಿಕೊಂಡೇ ಫೋನ್ ಮಾಡಿದರು: "ಎಂತ ಮಾರಾಯ್ತಿ ನಿನ್ನ ಮಗಳದ್ದು! ಸೋಮವಾರಕ್ಕೆ ಸರಿಯಾಗದಿದ್ರೆ ಈ ಯಂತ್ರವನ್ನು ಧಾರಾವಿಯ ಗುಜರಿಯವನಿಗೆ ಹಾಕ್ತೇನೆ ನೋಡು." ಆ ದಿನ ಶ್ರಾವ್ಯಾ ಊಟವನ್ನೇ ಮಾಡಲಿಲ್ಲ. ಪಲ್ಯದ ಸಾಸಿವೆಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಸರಿಸುತ್ತ ಕುಳಿತಳು.

ಶನಿವಾರ ಅವಳೊಡನೆ ನಾನೂ ಹೋಟೆಲಿಗೆ ಹೋದೆ. ಸಾಫ್ಟ್‌ವೇರ್ ಕಂಪನಿಯಿಂದ ವಿಜಯಪುರದ ಕಡೆಯ ಇಮ್ತಿಯಾಜ್ ಬಂದಿದ್ದರು. "ನೋಡ್ರಿ ಅಕ್ಕಾರ, ನಾವು ಒಂದೇ ಲಿನಕ್ಸಿಗೆ ಸಪೋರ್ಟ್ ಕೊಡೋದು. ಇದನ್ನ ತಗದು ಮೊದಲನೇ ಗಲ್ಲಾದಾಗಿನದ್ನ ಹಾಕ್ರಿ" ಎಂದರು.

"ಹಾಗಾದ್ರೆ ಸ್ಟ್ಯಾಂಡರ್ಡ್ ಇರೋದು ಯಾಕೆ?" ಎಂದೆ.

"ಅದು ಇರೋದಕ್ಕ ಇಷ್ಟರ ಓಡೇತ್ರಿ. ಇಲ್ಲಂದ್ರ ಮೊದಲಿಂದ ಬರೀಬೇಕಿತ್ತು. ಆದ್ರ ಓಡೋದು ಬ್ಯಾರೆ, ಕಂಪನಿ ಜವಾಬ್ದಾರಿ ತಗೊಳ್ಳೋದು ಬ್ಯಾರೆ. ಒಂದೊಂದರ ಮ್ಯಾಲೂ ಟೆಸ್ಟ್ ಮಾಡಾಕ ಮಂದಿ ಎಲ್ಲಿದಾರ?"

ನನಗೆ ನಮ್ಮ ಶಾಲೆಯ ಯೂನಿಫಾರ್ಮ್ ನೆನಪಾಯಿತು. ಬಟ್ಟೆ ಇದೇ, ನೆರಿಗೆ ಇಷ್ಟೇ ಎಂಬ ನಿಯಮವಿದ್ದರೂ ಒಬ್ಬೊಬ್ಬ ಟೈಲರಿನ ಲಂಗ ಒಂದೊಂದು ಉದ್ದ. ಸಿಸ್ಟರ್ ಸ್ಕೇಲು ಹಿಡಿದು ಗೇಟಿನಲ್ಲಿ ನಿಲ್ಲುವುದು ತಪ್ಪಲಿಲ್ಲ. ಆದರೆ ನಿಯಮವಿದ್ದುದರಿಂದ ಅವರು ಅಂಚನ್ನಷ್ಟೇ ಅಳೆದರೆ ಸಾಕಿತ್ತು. ಇಷ್ಟನ್ನೂ ಇಮ್ತಿಯಾಜರಿಗೆ ವಿವರಿಸಿ, "ಅಂಚು ನನ್ನ ಮಗಳು ಅಳೀತಾಳೆ, ನೀವು ಪಕ್ಕದಲ್ಲಿ ಕೂತು ನೋಡಿ" ಎಂದೆ.

"ಅಕ್ಕಾರ ವಕೀಲಿ ಮಾಡಬೇಕಿತ್ತು" ಎಂದು ನಗುತ್ತ ಅವರು ಕುರ್ಚಿ ಎಳೆದುಕೊಂಡರು.

ಪ್ರಿಂಟರಿನ ಕತ್ತರಿಯ ವಿಚಾರ ಸ್ಟ್ಯಾಂಡರ್ಡಿನ ಹೊರಗೆ ಉಳಿದಿತ್ತಂತೆ. ಸಾಫ್ಟ್‌ವೇರ್ ಅದಕ್ಕೆ ಬೇಕಾದ ಫೈಲನ್ನು ಮೊದಲ ಲಿನಕ್ಸ್ ಇಡುವ ಜಾಗದಲ್ಲೇ ಹುಡುಕುತ್ತಿತ್ತು, ನಮ್ಮದು ಬೇರೆ ಕಡೆ ಇಟ್ಟಿತ್ತು. ಶ್ರಾವ್ಯಾ ಸಾಫ್ಟ್‌ವೇರಿನ ಮುಚ್ಚಳ ಮುಟ್ಟದೆ, ಹೊರಗಿನಿಂದಲೇ ಅದಕ್ಕೆ ಆ ದಾರಿ ತೋರಿಸಿದಳು. ಟಕ್ ಎಂದು ಒಂದು ಇಡ್ಲಿ ಬಿತ್ತು. ಟಕ್, ಒಂದು ಕಾಫಿ. ಸಂಜೆಯವರೆಗೆ ಮೆನುವಿನಲ್ಲಿದ್ದುದನ್ನೆಲ್ಲ ಅಚ್ಚು ಹಾಕಿಸಿ ಇಬ್ಬರೂ ಪರೀಕ್ಷಿಸಿದರು. ಸೋಮವಾರ ಎರಡೂ ಗಲ್ಲಾ ತೆರೆದವು, ಅವಳು ಮತ್ತೆ ಅಪ್ಪನ ಮಗಳಾದಳು. ಕೆಲವು ವಾರಗಳಲ್ಲಿ ಕಂಪನಿಯೇ ನಮ್ಮ ಲಿನಕ್ಸಿಗೂ ಸಪೋರ್ಟ್ ಉಂಟೆಂದು ಪ್ರಕಟಿಸಿತು.

ಮೊನ್ನೆ ಮನೆಗೆ ಬರುವಾಗ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಇದನ್ನೇ ಪಕ್ಕದವರಿಗೆ ಹೇಳುತ್ತಿದ್ದೆ. ಸ್ಟ್ಯಾಂಡರ್ಡ್, ಟೆಸ್ಟಿಂಗ್, ಸಿಸ್ಟರಿನ ಸ್ಕೇಲು, ಯಾವುದನ್ನೂ ಬಿಡಲಿಲ್ಲ. ಎದುರಿಗಿದ್ದ ಕಾಲೇಜು ಹುಡುಗಿಯೊಬ್ಬಳು ಕಿವಿಯಿಂದ ಇಯರ್‌ಫೋನ್ ತೆಗೆದು ಆಸಕ್ತಿಯಿಂದ ಕೇಳಿದಳು: "ವಾವ್ ಆಂಟಿ! ಕೌನ್ ಸಾ ಲಿನಕ್ಸ್ ಹೈ ಆಪ್ ಕಾ?"

ಹೌದಲ್ಲ, ಯಾವುದದು? ಗಾಡಿ ನಾಹೂರಿನಲ್ಲಿ ನಿಂತಿತ್ತು. "ಅರೆ, ಮೇರಾ ಸ್ಟೇಷನ್!" ಎಂದು ಸೆರಗು ಸರಿಪಡಿಸಿಕೊಂಡು ಗಂಭೀರವಾಗಿ ಇಳಿದುಬಿಟ್ಟೆ. ನಮ್ಮ ಮುಲುಂಡ್ ಅದರ ಮುಂದಿನದು.