ಕಾಕಾ ಕಂಡ ಮೆಕ್ಸಿಕೋ

ನಮ್ಮ ಕಾಕಾ ಜನ್ಮದಲ್ಲಿ ಮೆಕ್ಸಿಕೋಗೆ ಕಾಲಿಟ್ಟವರಲ್ಲ. ಆದರೆ ನೀವು ಅಲ್ಲಿನ ಮರುಭೂಮಿಯಲ್ಲಿ ದಾರಿ ತಪ್ಪಿ ಫೋನ್ ಮಾಡಿ ನೋಡಿ, ಟೊರಾಂಟೋ ಪಕ್ಕದ ಮಾಲ್ಟನ್ನಿನ ತಮ್ಮ ಬೇಸ್‌ಮೆಂಟಿನಲ್ಲಿ ಕುಳಿತುಕೊಂಡೇ ನಿಮ್ಮನ್ನು ಊರು ಮುಟ್ಟಿಸುತ್ತಾರೆ. ಒಂದೇ ಷರತ್ತು, ನಿಮ್ಮ ಬೆನ್ನ ಹಿಂದೆ ಪೊಲೀಸರಿರಬೇಕು. ಸುಮ್ಮನೆ ರಜೆಗೆಂದು ಹೋದವರಿಗೆ ಅವರ ದಾರಿಗಳಿಂದ ಉಪಯೋಗವಿಲ್ಲ.

ಟೊರಾಂಟೋದ ನಮಗೆಲ್ಲ ಬಾರ್ಡರ್ ಎಂದರೆ ಅಮೆರಿಕದ ಬಫಲೋ. ಶನಿವಾರ ಹೋಗಿ, ಹೊಸ ಶೂ ಕೊಂಡು, ಹಳೆಯದನ್ನು ಅಲ್ಲೇ ಬಿಸಾಡಿ, ಸುಂಕದವರ ಮುಂದೆ ಏನೂ ಅರಿಯದವರ ಹಾಗೆ ಹೊಸದನ್ನು ಮೆಟ್ಟಿಕೊಂಡು ವಾಪಸ್ ಬರುವ ಜಾಗ. ಕಾಕಾನ ಬಾರ್ಡರ್ ಅದಕ್ಕಿಂತ ಒಂದು ದೇಶ ಕೆಳಗಿದೆ. ಅಲ್ಲಿ ಎಲ್ಲವೂ ಕಪ್ಪು-ಬಿಳುಪು. ಮನುಷ್ಯರಿಗಿಂತ ಅವರ ನೆರಳು ಉದ್ದ. ಹೊಡೆದಾಟದಲ್ಲಿ ಹಲ್ಲು ಉದುರಿದರೂ ಗಂಡಸರ ಹ್ಯಾಟು ಬೀಳುವುದಿಲ್ಲ!

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಸಿನಿಮಾ. ಮದುವೆಯಾದ ಹೊಸತರಲ್ಲಿ ಕಾಕಾ ಹುಬ್ಬಳ್ಳಿಯ ಒಂದು ಟಾಕೀಸಿಗೆ ಕಾಕುವನ್ನು ಇಂಗ್ಲಿಷ್ ಪಿಕ್ಚರಿಗೆ ಕರೆದುಕೊಂಡು ಹೋಗಿದ್ದರು. ಆಗಲೇ ಹಳತಾಗಿದ್ದ, ಮಾರ್ನಿಂಗ್ ಶೋಗೆ ತಳ್ಳಿದ್ದ ಚಿತ್ರ. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಮತ್ತೇಕೆ ಹೋದಿರಿ ಎಂದರೆ, ಹೊಸ ಹೆಂಡತಿಯ ಮುಂದೆ ಗಂಡಸು ಕನ್ನಡ ಪಿಕ್ಚರ್ ನೋಡಿ ದೊಡ್ಡಸ್ತಿಕೆ ತೋರಿಸಲಾದೀತೇ?

ಕಥೆ ಸರಳ. ಮಾಡದ ಕಳ್ಳತನ ತಲೆಯ ಮೇಲೆ ಬಿದ್ದ ನಾಯಕ, ನಿಜವಾದ ಕಳ್ಳನ ಬೆನ್ನು ಹತ್ತಿ ಮೆಕ್ಸಿಕೋಗೆ ನುಗ್ಗುತ್ತಾನೆ. ಇವನ ಬೆನ್ನಿಗೆ ಒಬ್ಬ ಇನ್ಸ್‌ಪೆಕ್ಟರ್. ದಾರಿಯಲ್ಲಿ ಸಿಕ್ಕ ಗುರುತಿಲ್ಲದ ಹೆಣ್ಣೊಬ್ಬಳು ಇವನ ಕಾರಿನಲ್ಲಿ. ಕಳ್ಳನಿಂದ ಹಣದ ಚೀಲ ಕಸಿದುಕೊಂಡ ನಾಯಕ, ತಪ್ಪಿಸಿಕೊಂಡ ಅವನನ್ನು ಹುಡುಕುತ್ತ ಕೊನೆಗೆ ಒಂದು ಪಾಳು ಸುಣ್ಣದ ಭಟ್ಟಿಯ ಮುಂದೆ ಕಾರು ನಿಲ್ಲಿಸುತ್ತಾನೆ. ಚೀಲವನ್ನೂ ಕೀಲಿಯನ್ನೂ ಅವಳ ಕೈಗಿಟ್ಟು, ನಾನು ಬರುವ ತನಕ ಇಲ್ಲೇ ಇರು ಎಂದು ಒಳಗೆ ಹೋಗುತ್ತಾನೆ. ಅವಳು ಕೀಲಿಯನ್ನು ನೋಡುತ್ತಾಳೆ. ರಸ್ತೆಯನ್ನು ನೋಡುತ್ತಾಳೆ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಕರೆಂಟು ಹೋಯಿತು.

ಬರಲೇ ಇಲ್ಲ. ಮರುದಿನ ಹೋದರೆ ಪಿಕ್ಚರ್ ಬದಲಾಗಿತ್ತು. ಟಾಂಗಾದಲ್ಲಿ ಮನೆಗೆ ಬರುವಾಗಲೇ ಜಗಳ ಶುರುವಾಗಿತ್ತಂತೆ.

"ಶ್ಯಾಣ್ಯಾಕಿ ಇದ್ರ ಗಾಡಿ ಚಾಲೂ ಮಾಡಿ ಹೋಗ್ತಾಳ್ರೀ," ಎಂದರು ಕಾಕು. "ಆಂವ ಒಳಗ ಸಾಯ್ತಾನೋ ಬದುಕ್ತಾನೋ ಯಾರಿಗೆ ಗೊತ್ತು."

"ಹೋಗಂಗಿಲ್ಲ," ಎಂದರು ಕಾಕಾ. "ಕಾಯ್ತಾಳ."

ಈ ಜಗಳ ಅವರ ಜೊತೆ ವಿಮಾನ ಹತ್ತಿ ಕೆನಡಾಕ್ಕೂ ಬಂತು. ಬೇರೆ ಗಂಡ ಹೆಂಡಿರು ಅತ್ತೆ, ನಾದಿನಿ, ಉಪ್ಪು, ಖಾರ ಎಂದು ಕಾದಾಡಿದರೆ ಇವರು ಯಾರೋ ಒಬ್ಬ ಬಿಳಿ ಹೆಂಗಸಿನ ಮೇಲೆ ಕಾದಾಡಿಕೊಂಡೇ ಮಕ್ಕಳನ್ನು ಓದಿಸಿದರು, ಮನೆ ಕಟ್ಟಿಸಿದರು, ಮುದುಕರಾದರು.

ಒಮ್ಮೆಯಂತೂ ಜಗಳ ಮಾತು ದಾಟಿ ಕೃತಿಗೇ ಇಳಿಯಿತು. ಫೆಬ್ರವರಿ ತಿಂಗಳು. ಕಾಕಾ ಇಂಡಿಯನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ, "ಹೀಟರ್ ಚಾಲೂ ಇರ್ಲಿ, ನಾ ಬರೂತನಕ ಇಲ್ಲೇ ಕೂಡು," ಎಂದು ಒಳಗೆ ಹೋಗಿದ್ದಾರೆ. ಜೋಳದ ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದರೆ ಕಾರೂ ಇಲ್ಲ, ಕಾಕುವೂ ಇಲ್ಲ! ಅರವತ್ತಾದ ಮೇಲೆ ಲೈಸೆನ್ಸ್ ತೆಗೆದುಕೊಂಡಿದ್ದ ನಮ್ಮ ಕಾಕು ಸೀಟು ಬದಲಿಸಿ, ಸೀದಾ ಕ್ಲೈನ್‌ಬರ್ಗಿಗೆ ಹೋಗಿ, ಅಲ್ಲಿಯ ಶ್ರೀಮಂತರ ಬಂಗಲೆಗಳನ್ನೆಲ್ಲ ನಿಧಾನವಾಗಿ ನೋಡಿಕೊಂಡು ಬಂದಿದ್ದರು. ಕಾಕಾ ಮೂಗಿನ ತುದಿ ಕೆಂಪಾಗಿಸಿಕೊಂಡು ನಿಂತಲ್ಲೇ ನಿಂತಿದ್ದರು.

"ಎಲ್ಲಿಗ್ ಹೋಗಿದ್ದಿ?"

"ಮೆಕ್ಸಿಕೋಕ್ಕ," ಎಂದರು ಕಾಕು. "ಕಡೀಕ ಏನಾತು ಅಂತ ತೋರಿಸಿದೆ. ಈಗರೆ ತಿಳೀತಿಲ್ಲೋ?"

ಕಾಕಾ ಹಿಟ್ಟಿನ ಚೀಲವನ್ನು ಹಿಂದಿನ ಸೀಟಿಗೆ ಹಾಕಿ, ಬೆಲ್ಟು ಬಿಗಿದುಕೊಂಡು ಹೇಳಿದರಂತೆ, "ತಿರುಗಿ ಬಂದಿ ಅಲ್ಲ. ಅದು ಕಾದಂಗ ಲೆಕ್ಕ."

ಇಂಥವರನ್ನು ಯಾರು ಸೋಲಿಸಿಯಾರು ಹೇಳಿ?

ಕಾಕಾ ಆ ಸಿನಿಮಾ ಹೇಳುವುದನ್ನು ನೀವು ಒಮ್ಮೆ ಕೇಳಬೇಕು. ಭಾನುವಾರ ಮಧ್ಯಾಹ್ನ ಬೇಸ್‌ಮೆಂಟಿನಲ್ಲಿ ಪರಿಚಯದ ಹಿರಿಯರೆಲ್ಲ ಸೇರುತ್ತಾರೆ, ಅವಲಕ್ಕಿ ಚೂಡಾ ಸರಬರಾಜಾಗುತ್ತದೆ, ಕಾಕಾ ಎದ್ದು ನಿಲ್ಲುತ್ತಾರೆ. "ಎಡಕ್ಕ ಗುಡ್ಡ, ಬಲಕ್ಕ ಕೊಳ್ಳ, ಹಿಂದ ಇನ್ಸ್‌ಪೆಕ್ಟರ್ ಬರ್ಲಿಕ್ಕತ್ತಾನ," ಎಂದು ಅವರು ಎರಡೂ ಕೈಯಲ್ಲಿ ಇಲ್ಲದ ಸ್ಟೀರಿಂಗ್ ತಿರುಗಿಸಿದರೆ ಸೋಫಾದ ಮೇಲಿದ್ದವರೆಲ್ಲ ಒಂದು ಕಡೆಗೆ ವಾಲುತ್ತಾರೆ. ಉತ್ಪ್ರೇಕ್ಷೆಯಲ್ಲ, ನಾನೂ ವಾಲಿದ್ದೇನೆ. ಅವರ ಮನೆ ವಿಮಾನಗಳು ಇಳಿಯುವ ದಾರಿಯ ನೇರ ಕೆಳಗಿದೆ. ವಿಮಾನದ ಸದ್ದಿಗೆ ಮಾತು ಕೇಳುವುದಿಲ್ಲ. ಆಗ ಕಾಕಾ ಕೈ ಮೇಲೆತ್ತಿ ಹಾಗೇ ನಿಲ್ಲುತ್ತಾರೆ. ಕಾರು ಮೆಕ್ಸಿಕೋದ ಕೊಳ್ಳದ ಅಂಚಿನಲ್ಲಿ ಅರ್ಧ ತೂಗಾಡುತ್ತ ನಿಲ್ಲುತ್ತದೆ. ವಿಮಾನ ಇಳಿದ ಮೇಲೆ ನಿಂತ ಪದದಿಂದಲೇ ಕಥೆ ಮುಂದಕ್ಕೆ ಹೋಗುತ್ತದೆ. ನಾನು ಇಂಥ ಕಲಾವಿದರನ್ನು ಇನ್ನೆಲ್ಲೂ ಕಂಡಿಲ್ಲ.

ಪಕ್ಕದ ಮನೆಯ ಸರ್ದಾರ್ಜಿ ಟ್ರಕ್ ಓಡಿಸುವವರು, ಟೆಕ್ಸಾಸಿನ ಅಂಚಿನವರೆಗೂ ಲೋಡು ಒಯ್ಯುತ್ತಾರೆ. ಅವರು ಒಮ್ಮೆ ಅಲ್ಲಿಂದಲೇ ಫೋನ್ ಮಾಡಿ, "ಅಂಕಲ್‌ಜೀ, ಪುಲ್ ಕೇ ಉಸ್ ಪಾರ್ ಕ್ಯಾ ಹೈ?" ಎಂದು ಗಡಿ ಸೇತುವೆಯ ಆಚೆಗಿರುವುದರ ಬಗ್ಗೆ ಕಾಕಾನನ್ನು ಕೇಳಿದ್ದರು. ಕಾಕಾ ಒಂದು ಕ್ಷಣವೂ ಯೋಚಿಸದೆ, ಒಂದು ಚರ್ಚಿದೆ, ಎದುರಿಗೊಂದು ಹೋಟೆಲಿದೆ, ಹೋಟೆಲಿನ ಮಾಲೀಕನನ್ನು ಮಾತ್ರ ನಂಬಬೇಡಿ ಎಂದು ಹಿಂದಿಯಲ್ಲಿ ತಿಳಿಸಿದರು.

ಆದರೆ ಯಾರು ಎಷ್ಟೇ ಗೋಗರೆದರೂ ಕಥೆ ನಿಲ್ಲುವುದು ಸುಣ್ಣದ ಭಟ್ಟಿಯ ಮುಂದೆಯೇ. "ಮುಂದ ಕರೆಂಟ್ ಹೋತು," ಎಂದು ಕಾಕಾ ಕೂತುಬಿಡುತ್ತಾರೆ.

ಕಾಕು ತೀರಿಕೊಂಡು ಎರಡು ಚಳಿಗಾಲ ಕಳೆದವು. ಕಾಕಾ ಇನ್ನಷ್ಟು ಬಾಗಿದ್ದಾರೆ, ಕಥೆ ಮಾತ್ರ ಬಿಟ್ಟಿಲ್ಲ. ಜೀವಮಾನವಿಡೀ ಎಳೆದ ಜಗಳ ಇತ್ಯರ್ಥವಾಗದೆ ಉಳಿಯಿತಲ್ಲ ಎಂದು ನನಗೆ ಸಂಕಟ. ಈಗ ಎಲ್ಲ ಸಿನಿಮಾಗಳೂ ಇಂಟರ್‌ನೆಟ್ಟಿನಲ್ಲಿವೆ, ಹಾಕಿಕೊಡಲೇ ಎಂದರೆ, "ಬ್ಯಾಡವ್ವಾ," ಎಂದು ಮಾತು ಬದಲಿಸುತ್ತಿದ್ದರು. ಇವರು ಅಂತ್ಯ ತಿಳಿಯದೆಯೇ ಹೋಗಿಬಿಟ್ಟರೆ? ನಾನು ಕೇಳದೆಯೇ ಹುಡುಕಿದೆ, ಸಿಕ್ಕೂ ಸಿಕ್ಕಿತು. ಕಾಕಾನ ಹುಟ್ಟುಹಬ್ಬದ ಭಾನುವಾರ ಸ್ಟೌಫ್‌ವಿಲ್ಲಿನ ನನ್ನ ಮನೆಯಿಂದ ಕೇಕಿನ ಜೊತೆ ಅದನ್ನೂ ತಂದು, ಎಲ್ಲರೂ ಸೇರಿದ ಮೇಲೆ ಬೇಸ್‌ಮೆಂಟಿನ ಟೀವಿಯಲ್ಲಿ ಹಾಕಿಯೇ ಬಿಟ್ಟೆ.

ಕಾಕಾ ಕುಳಿತು ನೋಡಿದರು. ನಾವೆಲ್ಲ ಟೀವಿ ಬಿಟ್ಟು ಅವರನ್ನೇ ನೋಡುತ್ತಿದ್ದೆವು. ಎಡಕ್ಕೆ ಗುಡ್ಡ, ಬಲಕ್ಕೆ ಕೊಳ್ಳ. ಅವರು ಹೇಳಿದ ಒಂದು ತಿರುವೂ ತಪ್ಪಿರಲಿಲ್ಲ! "ಈಗ ನಾಯಿ," ಎಂದು ಅವರು ಗೊಣಗಿದರೆ ನಾಯಿ ರಸ್ತೆ ದಾಟುತ್ತಿತ್ತು. ಸರ್ದಾರ್ಜಿ ಕೈ ಮುಗಿದೇ ಬಿಟ್ಟರು.

ಸುಣ್ಣದ ಭಟ್ಟಿ ಬಂತು. ಅವಳು ಕೀಲಿ ನೋಡಿದಳು. ಕಾಕಾ ಎದ್ದು, "ಚಹಾ ಇಡ್ತೀನಿ," ಎಂದು ಮೆಟ್ಟಿಲು ಹತ್ತಿ ಹೋದರು.

ಅವಳು ಕಾದಳು. ಒಳಗೆ ಗುಂಡಿನ ಸದ್ದಾದರೂ, ದೂರದಲ್ಲಿ ಇನ್ಸ್‌ಪೆಕ್ಟರನ ಕಾರು ಕಂಡರೂ, ಸ್ಟೀರಿಂಗಿಗೆ ಕೈ ಹಚ್ಚಿ ಕಾದೇ ಕಾದಳು. ನಾನು ಎರಡೆರಡು ಮೆಟ್ಟಿಲು ಹಾರಿ ಅಡಿಗೆಮನೆಗೆ ಓಡಿದೆ.

"ಕಾಕಾ, ನೀವು ಗೆದ್ರಿ! ಆಕಿ ಹೋಗಲಿಲ್ಲ, ಕಾಯ್ದಳು."

"ಗೊತ್ತದ," ಎಂದರು ಕಾಕಾ. "ಮೆತ್ತಗ ಮಾತಾಡು, ಆಕಿಗೆ ಕೇಳಸ್ತದ." ಗೋಡೆಯ ಮೇಲೆ ಕಾಕುವಿನ ಫೋಟೋ ಇತ್ತು.

ಕಾಕಾ ಪಾತ್ರೆಗೆ ಚಹಾಪುಡಿ ಹಾಕುತ್ತ ಹೇಳಿದರು, "ದವಾಖಾನ್ಯಾಗ ಡಾಕ್ಟರ್ ಇನ್ನ ಆಗಂಗಿಲ್ಲ ಅಂದಿದ್ರು. ಆದ್ರೂ ಆಕಿ ಜೀವಾ ಬಿಗಿಹಿಡಕೊಂಡಿದ್ಲು. ಭಾಳ ತ್ರಾಸ ಆಗ್ತಿತ್ತು. ಕಣ್ಣು ತೆರದಾಗೊಮ್ಮೆ ನನಗ ಕೇಳೂದು, ಊಟ ಆತೇನ್ರೀ, ಗುಳಿಗಿ ತಗೊಂಡ್ರೇನ್ರೀ ಅಂತ. ಒಂದಿನ ಮಧ್ಯಾಹ್ನ ಆಕಿ ಮಲಗಿದಾಗ ಫೋನಿನ್ಯಾಗ ಇದ ಪಿಕ್ಚರ್ ಹುಡುಕಿ ಕಡೀತನಕ ನೋಡಿದೆ. ಆಕಿ ಎದ್ದ ಮ್ಯಾಲೆ ಹೇಳಿದೆ, ನೀನ ಗೆದ್ದಿ ನೋಡು, ಆ ಹೆಂಗಸು ಕಾಯಲಿಲ್ಲ, ಗಾಡಿ ಚಾಲೂ ಮಾಡಿ ಹೋದ್ಲು."

"ಕಾಕು ಏನಂದ್ರು?"

"ಆಂವಗ ಏನೂ ಆಗಲಿಲ್ಲಲ್ಲ ಅಂದ್ಲು. ಏನೂ ಆಗಲಿಲ್ಲ, ಹೆಂಗೋ ಬಸ್ ಹಿಡದು ಊರು ಸೇರಿದಾ ಅಂದೆ. ನಕ್ಕಳು." ಕಾಕಾ ಒಲೆ ಸಣ್ಣದು ಮಾಡಿದರು. "ಮರುದಿನ ಮುಂಜಾನೆ ಹೋದ್ಲು."

ಈ ಮನುಷ್ಯನನ್ನು ನೋಡಿ ನಾವೆಲ್ಲ ಎಷ್ಟು ನಕ್ಕಿದ್ದೆವು.

ಕೆಳಗೆ ಎಲ್ಲರೂ ಕಾಕಾ ಗೆದ್ದರೆಂದು ಚಪ್ಪಾಳೆ ತಟ್ಟುತ್ತಿದ್ದರು. "ಹೋಗಿ ಹೇಳು," ಎಂದರು ಕಾಕಾ, "ಪಿಕ್ಚರ್ ಮಾಡಿದವರು ಕಡೀಕ ತಪ್ಪು ಮಾಡ್ಯಾರಂತ."

ನಾನು ಕಣ್ಣೊರೆಸಿಕೊಂಡು ಕೆಳಗಿಳಿದು ಹಾಗೆಯೇ ಹೇಳಿದೆ.